ಅಕ್ಕಾರ ಲೆಕ್ಕದ ಪುಸ್ತಕ

ಧಾರವಾಡದಲ್ಲಿ ಓದಿದ ಮೂರು ವರ್ಷ ನನ್ನ ಹೆಸರು ‘ಅಣ್ಣಿಗೇರಿ ಸಣ್ಣಾಂವ’. ಕಾಲೇಜಿನ ಹಾಜರಿಯಲ್ಲಿ ಬೇರೆ ಹೆಸರಿತ್ತು, ಇದು ನಾನು ಉಣ್ಣುತ್ತಿದ್ದ ಖಾನಾವಳಿಯ ಅಕ್ಕಾರ ಲೆಕ್ಕದ ಪುಸ್ತಕದ ಹೆಸರು. ಆ ಪುಸ್ತಕದಲ್ಲಿ ಯಾರಿಗೂ ಸ್ವಂತ ಹೆಸರಿರಲಿಲ್ಲ. ಮುಳಗುಂದದಾಂವ, ಸವದತ್ತಿ ಚಸ್ಮಾದಾಂವ, ಕುಂದಗೋಳದ ಎತ್ತರದಾಂವ, ಹೀಗೆ ಊರು, ಚಹರೆ ಸೇರಿ ಒಬ್ಬೊಬ್ಬರಿಗೆ ಒಂದು ಸಾಲು. ಸಾಲಿನ ಮುಂದೆ ದಿನಕ್ಕೆ ಎರಡು ಗುರುತು. ಪೂರ್ತಿ ಉಂಡರೆ ಸೊನ್ನೆ. ರೊಟ್ಟಿ ಬಿಟ್ಟು ಬರೀ ಅನ್ನ ಉಂಡರೆ ಅರ್ಧ ಸೊನ್ನೆ. ಗೆಳೆಯನನ್ನು ಕರೆದುಕೊಂಡು ಬಂದರೆ ಸೊನ್ನೆಯ ತಲೆಯ ಮೇಲೊಂದು ಗೆರೆ. ಬರದೇ ಇದ್ದರೆ ಚುಕ್ಕೆ. ಮೂರು ಚುಕ್ಕೆ ಒಂದರ ಹಿಂದೊಂದು ಬಿದ್ದರೆ ಅಕ್ಕಾರು ಯಾರನ್ನಾದರೂ ರೂಮಿಗೆ ಅಟ್ಟುತ್ತಿದ್ದರು. “ಜ್ವರಾ ಗಿರಾ ಬಂದಾವೇನು ನೋಡಿ ಬಾರಪಾ. ಊರಿಗೆ ಹೋಗಿದ್ರ ಹೇಳೇ ಹೋಗತಿದ್ದ ಅಂವ.”

ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವರು ತಮ್ಮಷ್ಟಕ್ಕೆ ತಾವೇ ಕಟ್ಟಿಕೊಂಡಿದ್ದ ಲೆಕ್ಕ ಅದು. ಮೂರು ವರ್ಷದಲ್ಲಿ ಒಂದು ಸೊನ್ನೆ ಹೆಚ್ಚಾದದ್ದನ್ನಾಗಲಿ ಕಡಿಮೆಯಾದದ್ದನ್ನಾಗಲಿ ನಾನು ಕಂಡಿಲ್ಲ.

1981ರ ಜೂನ್‌ನಲ್ಲಿ ನಾನು ಕರ್ನಾಟಕ ಕಾಲೇಜಿಗೆ ಬಿ.ಎ. ಸೇರಿದೆ. 1917ರಲ್ಲಿ ಆ ಕಾಲೇಜು, 1950ರಲ್ಲಿ ಮುಂಬಯಿಯಿಂದ ಬಂದ ವಿಶ್ವವಿದ್ಯಾಲಯ, ಇವೆರಡರ ಸುತ್ತ ಧಾರವಾಡ ಓದುವ ಹುಡುಗರ ಊರಾಗಿ ಬೆಳೆದಿತ್ತು. ಹುಡುಗರಿದ್ದಲ್ಲಿ ಹಸಿವೆ ಇರಲೇಬೇಕು. ನಮ್ಮಲ್ಲಿ ಮೂರು ಬಗೆಯವರಿದ್ದರು. ಹಾಸ್ಟೆಲಿನಲ್ಲಿ ಸೀಟು ಸಿಕ್ಕವರು ಮೊದಲನೆಯವರು. ಎರಡನೆಯವರು ಬುತ್ತಿಯವರು. ಅವರ ಅವ್ವ ಕೋಳಿ ಕೂಗುವ ಮೊದಲೇ ಎದ್ದು ರೊಟ್ಟಿ ಬಡಿದು, ಪಲ್ಲೆ, ಚಟ್ನಿ ಇಟ್ಟು, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಮೊದಲ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ಒಂಬತ್ತು ಗಂಟೆಗೆ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ತಮ್ಮ ತಮ್ಮ ಊರಿನ ಬಸ್ಸಿಗೆ ಕಾಯುತ್ತಿದ್ದರು. ಗಂಟನ್ನು ಮುಟ್ಟಿದರೆ ಇನ್ನೂ ಬೆಚ್ಚಗಿರುತ್ತಿತ್ತು. ಮೂರನೆಯವರು ನಾವು, ಖಾನಾವಳಿಯವರು. ನನ್ನ ಹಳ್ಳಿ ಅಣ್ಣಿಗೇರಿಯಿಂದ ಒಳಕ್ಕಿತ್ತು, ಬೆಳಗಿನ ಬಸ್ಸಿರಲಿಲ್ಲ. ಅವ್ವನೂ ಇರಲಿಲ್ಲ. ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗಲೇ ಹೋಗಿದ್ದಳು. ಬಸ್‌ಸ್ಟ್ಯಾಂಡಿನ ಆ ಹೊತ್ತನ್ನು ನಾನು ಆದಷ್ಟು ತಪ್ಪಿಸಿ ನಡೆಯುತ್ತಿದ್ದೆ.

ಅಕ್ಕಾರ ಖಾನಾವಳಿಗೆ ಬೋರ್ಡು ಇರಲಿಲ್ಲ. ಕಾಲೇಜಿನಿಂದ ಹತ್ತು ನಿಮಿಷದ ದಾರಿ, ಹಂಚಿನ ಮನೆ, ಪಡಸಾಲೆಯಲ್ಲಿ ಉದ್ದಕ್ಕೆ ಹಾಸಿದ ಎರಡು ತಟ್ಟು. ಒಂದು ಪಾಳಿಗೆ ಹದಿನಾರು ಮಂದಿ, ಹೊತ್ತಿಗೆ ಮೂರು ಪಾಳಿ. ಬದನಿಕಾಯಿ ಎಣಗಾಯಿ ಇಲ್ಲವೇ ಮಡಿಕಿಕಾಳಿನ ಪಲ್ಲೆ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ಕಡೆಗೆ ಅನ್ನ, ಸಾರು. ಸವದತ್ತಿ ಕಡೆಯ ಹಳ್ಳಿಯವರು ಅಕ್ಕಾರು. 1972ರ ಬರದಲ್ಲಿ ಗಂಡನ ಜೊತೆ ಧಾರವಾಡಕ್ಕೆ ಬಂದವರು. ಗಂಡ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದರಂತೆ. ಕಿರಿಯ ಮಗಳು ಇನ್ನೂ ಮೊಲೆ ಕುಡಿಯುವಾಗ ತೀರಿಕೊಂಡರು. ಎರಡು ಹೆಣ್ಣುಮಕ್ಕಳು, ಒಂದು ಹಂಚು, ಒಂದು ಒಲಿ. ಮೊದಲು ಮಂದಿಯ ಮನೆಗೆ ಹೋಗಿ ರೊಟ್ಟಿ ಬಡಿದುಕೊಟ್ಟರು. ಆಮೇಲೆ ನಾಲ್ಕು ಜನ ಟ್ರೇನಿಂಗ್ ಹುಡುಗರಿಗೆ ಮನೆಯಲ್ಲೇ ಊಟ ಹಾಕಿದರು. ನಾನು ಬರುವ ಹೊತ್ತಿಗೆ ಉಣ್ಣುವವರು ನಲವತ್ತು ದಾಟಿದ್ದರು.

ರೊಟ್ಟಿ ಬಡಿಯುವುದನ್ನು ಬಾಗಿಲಲ್ಲಿ ಕೂತು ನೋಡುವುದು ನನ್ನ ರೂಢಿಯಾಗಿತ್ತು. ಗೋಧಿ ಹಿಟ್ಟಿನಂತೆ ಜೋಳದ ಹಿಟ್ಟು ತಾನಾಗಿ ಜಗ್ಗಿ ಕೂಡಿಕೊಳ್ಳುವುದಿಲ್ಲ. ಕುದಿಯುವ ಎಸರು ಬಿದ್ದಾಗಲೇ ಅದರೊಳಗಿನ ಗಂಜಿ ಬೆಂದು ಅಂಟು ಬರುತ್ತದೆ. ಅಕ್ಕಾರು ಹಿಟ್ಟಿನ ನಡುವೆ ಕುಣಿ ಮಾಡಿ ಎಸರು ಸುರಿದು, ಹುಟ್ಟಿನಿಂದ ಒಂದು ಸುತ್ತು ತಿರುವಿ, ಹೊಗೆಯಾಡುವಾಗಲೇ ಕೈ ಹಾಕುತ್ತಿದ್ದರು. ಅಂಗೈ ಬುಡದಿಂದ ಒತ್ತಿ ಒತ್ತಿ ನಾದುವುದು. ಉಂಡೆ ಮಾಡಿ ಒಣ ಹಿಟ್ಟಿನ ಮೇಲಿಟ್ಟು ಬಡಿಯಲು ಸುರು ಮಾಡಿದರೆ ರೊಟ್ಟಿ ತಾನೇ ತಿರುಗುತ್ತದೆ, ಯಾರೂ ತಿರುಗಿಸುವುದಿಲ್ಲ. ಬಡಿತದ ಸಪ್ಪಳ ಮೊದಲು ದಪ್ಪಗಿದ್ದು ರೊಟ್ಟಿ ತೆಳುವಾದಂತೆ ಸಣ್ಣದಾಗುತ್ತದೆ. ಹಂಚಿಗೆ ಹಾಕಿ ಮೇಲೆ ಹಸಿ ಅರಿವೆಯಿಂದ ನೀರು ಸವರಿ, ಹೊರಳಿಸಿ, ಕೆಂಡದ ಮುಂದೆ ಹಿಡಿದರೆ ಉಬ್ಬುತ್ತದೆ. ಬೀಸಿ ಬಹಳ ದಿನ ಆದ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ, ಅಂಚು ಸೀಳುತ್ತದೆ. ಅದಕ್ಕೆ ದಿನ ಬಿಟ್ಟು ದಿನ ಗಿರಣಿ. ಹಿಂದಿನವರ ರಾಗಿಯೋ ಗೋಧಿಯೋ ಗಿರಣಿಯ ಕಲ್ಲಿನಲ್ಲಿ ಉಳಿದಿದ್ದರೆ ಮೊದಲ ಸೇರನ್ನು ಬೇರೆ ತೆಗೆದಿಡುತ್ತಿದ್ದರು.

ಎಂ 35-1 ಎಂದು ಪುಸ್ತಕದಲ್ಲಿ ಓದಿದ ತಳಿಯನ್ನು ನಾನು ಗುರುತು ಹಿಡಿದದ್ದು ಅವರ ಅಂಗೈ ಮೇಲೆ. ಮಾಲದಂಡಿ, ಬಿಳಿಜೋಳ. ಎರಿ ಹೊಲದ ಹಿಂಗಾರಿ ಬೆಳೆ. ಮಾಘ ಕಳೆದು ಹೊಸ ಜೋಳ ಪೇಟೆಗೆ ಬಂದರೆ ಅಕ್ಕಾರು ಅಡತಿ ಅಂಗಡಿಗೆ ತಾವೇ ಹೋಗುತ್ತಿದ್ದರು. ಚೀಲದ ಬಾಯಿಯ ಕಾಳನ್ನು ನೋಡುತ್ತಲೇ ಇರಲಿಲ್ಲ. ತೋಳು ಮೊಳಕೈತನಕ ಒಳಗೆ ಇಳಿಸಿ ತಳದ ಕಾಳು ತೆಗೆದು ಎರಡು ಕಾಳು ಹಲ್ಲಿಗೆ ಹಾಕಿ ಕಡಿಯುತ್ತಿದ್ದರು. ‘ಕಟ್’ ಅಂದರೆ ಒಣಗಿದೆ, ಇಡಲು ಬರುತ್ತದೆ. ಮೆತ್ತಗಾದರೆ ಹಸಿ ಇದೆ, ಮಳೆಗಾಲಕ್ಕೆ ನುಸಿ ಹಿಡಿಯುತ್ತದೆ. ವ್ಯಾಪಾರಿ ಹೇಳಿದ ದರಕ್ಕೆ ಏನನ್ನೂ ಅನ್ನದೆ ಅಲ್ಲೇ ಕೂತುಬಿಡುವರು. ಅರ್ಧ ತಾಸಿಗೆ ಅವನೇ ದರ ಇಳಿಸುವನು. ಬ್ಯಾಡಗಿ ಮೆಣಸಿನಕಾಯಿಯೂ ಹಾಗೆಯೇ, ಸುಗ್ಗಿಯಲ್ಲೇ ವರ್ಷದ್ದು. ಬಣ್ಣಕ್ಕೆ ಡಬ್ಬಿ ಮೆಣಸಿನಕಾಯಿ, ಜೊತೆಗೆ ಕಡ್ಡಿ. ನಮ್ಮ ತಾಟಿನಲ್ಲಿ ಆಷಾಢದಲ್ಲೂ ಅದೇ ರುಚಿ, ಅದೇ ದರ ಉಳಿದಿದ್ದರೆ ಫೆಬ್ರುವರಿಯಲ್ಲಿ ಅವರು ಹಾಗೆ ಕೂತದ್ದೇ ಕಾರಣ.

1982ರಲ್ಲಿ ಗೋಕಾಕ್ ಚಳವಳಿ ಬಂತು. ನಾವೆಲ್ಲ ಮೆರವಣಿಗೆಯಲ್ಲಿದ್ದೆವು, ಗಂಟಲು ಹರಿಯುವಂತೆ ಕೂಗಿದೆವು. ಅಕ್ಕಾರಿಗೆ ಅದು ಇನ್ನೊಂದು ಬಗೆಯಲ್ಲಿ ತಟ್ಟಿತು. ಕಾಲೇಜಿಗೆ ರಜೆ ಬಿದ್ದು ಹುಡುಗರು ಊರಿಗೆ ಹೋದರು. ಪುಸ್ತಕದ ತುಂಬ ಚುಕ್ಕೆ. ಅಂದೇ ಬೀಸಿಕೊಂಡು ಬಂದ ಹಿಟ್ಟು ಎರಡು ಡಬ್ಬಿ ಮನೆಯಲ್ಲಿತ್ತು. ಇಟ್ಟರೆ ಜಿಗಿ ಹೋಗುತ್ತದೆ, ಚೆಲ್ಲಿದರೆ ಮನೆ ಮುಳುಗುತ್ತದೆ. ಆ ರಾತ್ರಿ ಅಷ್ಟೂ ಹಿಟ್ಟಿನ ರೊಟ್ಟಿ ಬಡಿದು, ಒಲಿಯ ಸುತ್ತ ನಿಲ್ಲಿಸಿ, ಕೆಂಡದ ಕಾವಿನಲ್ಲೇ ಖಡಕ್ ಮಾಡಿದರು. ಹಾಗೆ ಒಣಗಿದ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ. ಬೆಳಿಗ್ಗೆ ಬುಟ್ಟಿ ಹೊತ್ತು ಮದುವೆ ಮನೆಗಳನ್ನು ಹುಡುಕಿಕೊಂಡು ಹೋದರು. ನಾಲ್ಕು ದಿನದಲ್ಲಿ ಎಲ್ಲಾ ಖರ್ಚಾಯಿತು. ಖಾನಾವಳಿ ನಡೆಸುತ್ತಿದ್ದವರು ರೊಟ್ಟಿ ವ್ಯಾಪಾರಕ್ಕೆ ಇಳಿದದ್ದು ಹೀಗೆ. ಮುಂದೆ ಮನೆ ಕಟ್ಟಿಸಿದ್ದು ಆ ವ್ಯಾಪಾರವೇ.

ಮರುವರ್ಷ ಅವರಿಗೆ ಸುಗ್ಗಿಯ ಜೋಳ ಕೊಳ್ಳಲು ಸಾಲ ಬೇಕಾಯಿತು. ಬಡವರಿಗೆ ಶೇ 4ರ ಬಡ್ಡಿಯಲ್ಲಿ ಸಾಲ ಕೊಡುವ ಯೋಜನೆ 1972ರಿಂದ ಬ್ಯಾಂಕುಗಳಲ್ಲಿತ್ತು. ಅರ್ಜಿ ತುಂಬಲು ನನ್ನನ್ನು ಕರೆದುಕೊಂಡು ಹೋದರು. ಬ್ಯಾಂಕಿನ ಕಟ್ಟೆಯ ಮೇಲೆ ಕೂತು ಬರೆಯುತ್ತಾ ಬಂದೆ. ಉದ್ಯೋಗ ಎಂಬಲ್ಲಿ ಯೋಚನೆಯನ್ನೇ ಮಾಡದೆ ‘ಮನೆಗೆಲಸ’ ಎಂದು ಬರೆದೆ.

“ಏನ್ ಬರದಿ ತಮ್ಮಾ ಅಲ್ಲೆ?”

ಓದಿ ಹೇಳಿದೆ.

ಅವರು ನನ್ನ ಮುಖ ನೋಡಿದರು. ಆ ನೋಟ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಸಿಟ್ಟಿರಲಿಲ್ಲ. ಎರಡು ವರ್ಷ ನನ್ನ ಮನೆಯಲ್ಲಿ ಉಂಡು, ಬಾಗಿಲಲ್ಲಿ ಕೂತು ನೋಡಿಯೂ ನಿನಗೆ ಕಂಡದ್ದು ಇಷ್ಟೇನಾ ಎಂಬಂತಿತ್ತು.

“ಮನಿಗೆಲಸಕ್ಕ ರೊಕ್ಕ ಯಾರ ಕೊಡತಾರ? ನಾ ಯಾಪಾರ ಮಾಡತೇನಿ. ಹೊಡದ ಹಾಕು ಅದನ. ವ್ಯಾಪಾರ ಅಂತ ಬರಿ.”

ಹೊಡೆದು ಹಾಕಿ ಬರೆದೆ. ಒಳಗಿದ್ದ ಸಾಹೇಬರು ಆ ಹೊಡೆದು ಹಾಕಿದ ಗೆರೆಯನ್ನು ನೋಡಿ, ಗಂಡನ ಸಹಿ ಎಲ್ಲಿ ಎಂದರು. ಗಂಡ ಇಲ್ಲ ಎಂದದ್ದಕ್ಕೆ, ಹಾಗಾದರೆ ಬೇರೆ ಯಾರಾದರೂ ಗಂಡಸರನ್ನು ಕರೆದುಕೊಂಡು ಬನ್ನಿ ಎಂದರು. ಅಕ್ಕಾರು ಸೆರಗಿನೊಳಗಿಂದ ಪುಸ್ತಕ ತೆಗೆದು ಅವರ ಮೇಜಿನ ಮೇಲೆ ಬಿಚ್ಚಿದರು. “ಇದರಾಗ ನಲವತ್ತಮೂರ ಮಂದಿ ಗಂಡಸರದಾರ್ರಿ. ತಿಂಗಳಾ ತಿಂಗಳಾ ನನಗ ರೊಕ್ಕ ಕೊಡೋರು. ಯಾರನ ಕರಕೊಂಡ ಬರಲಿ?” ಅಂದು ಸಾಲ ಸಿಗಲಿಲ್ಲ. ಮೂರನೆಯ ಸಲ ಹೋದಾಗ ಸಿಕ್ಕಿತು. ಕಂತು ಮುಗಿಯುವ ಮೊದಲೇ ತೀರಿಸಿ, ತೀರಿತು ಎಂಬ ಚೀಟಿಯನ್ನು ದೇವರ ಜಗುಲಿಯ ಮೇಲಿಟ್ಟರು.

ಮಕ್ಕಳ ಮಾತು ಹೇಳಬೇಕು. ಹೆಣ್ಣುಮಕ್ಕಳಿಬ್ಬರೂ ನಾನು ಬಂದಾಗ ಶಾಲೆಗೆ ಹೋಗುತ್ತಿದ್ದರು. ದೊಡ್ಡಾಕೆ ಏಳನೆಯದು, ಸಣ್ಣಾಕೆ ನಾಲ್ಕನೆಯದು. ಆ ಓಣಿಯಲ್ಲಿ ಅಷ್ಟು ದೊಡ್ಡ ಹುಡುಗಿಯರು ಬೆಳಿಗ್ಗೆ ಒಲಿ ಮುಂದೆ ಕೂಡದ ಮನೆ ಇದೊಂದೇ ಇದ್ದಿರಬೇಕು. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಹಂಚು ಮುಟ್ಟಬಾರದು ಎಂಬ ಕಟ್ಟಪ್ಪಣೆ. “ಕೈಗೆ ಹತ್ತಿದ ಹಿಟ್ಟು ಪಾಟಿಗೂ ಹತ್ತತೈತಿ” ಎನ್ನುತ್ತಿದ್ದರು. ಬೆಳಗಿನ ನಾಲ್ಕಕ್ಕೆ ಒಲಿ ಹೊತ್ತಿದರೆ ಹತ್ತೂವರೆ ತನಕ ಅವರಿಗೆ ಪುರುಸೊತ್ತಿಲ್ಲ. ಶಾಲೆಗೆ ಹೋಗುವ ಮಕ್ಕಳ ತಲೆ ಬಾಚುವವರು ಯಾರು? ಅದಕ್ಕೆ ರಾತ್ರಿ ಕೊನೆಯ ಪಾಳಿ ಎದ್ದು, ಭಾಂಡೆ ತಿಕ್ಕಿ, ಪುಸ್ತಕಕ್ಕೆ ಗುರುತು ಹಾಕಿದ ಮೇಲೆ, ಪಡಸಾಲೆಯ ಲೈಟಿನ ಕೆಳಗೆ ಇಬ್ಬರನ್ನೂ ಒಬ್ಬರ ಹಿಂದೊಬ್ಬರನ್ನು ಕೂಡಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ನಾಳಿನ ಜಡೆಯನ್ನು ಇವತ್ತೇ ಹಾಕುತ್ತಿದ್ದರು. ಕೆಂಪು ರಿಬ್ಬನ್ ಸಮೇತ. ಮಕ್ಕಳು ಜಡೆ ಕಟ್ಟಿಕೊಂಡೇ ಮಲಗುವರು, ಬೆಳಿಗ್ಗೆ ಎದ್ದು ಮುಖ ತೊಳೆದು ಹಾಗೇ ಶಾಲೆಗೆ ಹೋಗುವರು. ಊಟಕ್ಕೆ ತಡವಾಗಿ ಬಂದ ಎಷ್ಟೋ ರಾತ್ರಿ ನಾನು ಅದನ್ನು ನೋಡಿದ್ದೇನೆ. ಬಾಚಣಿಗೆ ಆಡುವಾಗ ಮೂವರೂ ಮಾತಾಡುತ್ತಿದ್ದರು. ಹಗಲಿನಲ್ಲಿ ಆ ದನಿಯಲ್ಲಿ ಅಕ್ಕಾರು ಮಾತಾಡಿದ್ದನ್ನು ನಾನು ಕೇಳಿಲ್ಲ.

ದೊಡ್ಡಾಕೆ ಟಿ.ಸಿ.ಎಚ್. ಮುಗಿಸಿ ಶಾಲಾ ಮಾಸ್ತರಿಣಿಯಾದಳು. ಎಷ್ಟೋ ವರ್ಷದ ಮೇಲೆ ಒಮ್ಮೆ ನನ್ನ ಹತ್ತಿರ ಹೇಳಿದಳು: “ಅಣ್ಣಾ, ನಿಮಗೆಲ್ಲಾ ಬಿಸಿ ರೊಟ್ಟಿ ಸಿಗತಿತ್ತು. ನಮಗ ಅವ್ವ ಉಳದದ್ದು ನೀಡತಿದ್ದಳು. ಒಂದ ದಿನಾನೂ ನಮ್ಮ ಜೋಡಿ ಕೂತು ಉಣಲಿಲ್ಲ.” ಇದನ್ನು ಬರೆಯಬೇಕೋ ಬೇಡವೋ ಎಂದು ನಾನು ಯೋಚಿಸಿದೆ. ಅವಳನ್ನೇ ಕೇಳಿದೆ. ಬರಿ ಅಣ್ಣಾ, ಅದೂ ಖರೆ ಐತಲ್ಲ ಎಂದಳು. ಹೌದು, ಖರೆ. ನಮ್ಮ ಹೊಟ್ಟೆಗೆ ಬಿದ್ದ ಬಿಸಿ ರೊಟ್ಟಿಯ ಬೆಲೆಯಲ್ಲಿ ಒಂದು ಪಾಲನ್ನು ಆ ಎರಡು ಮಕ್ಕಳೂ ಕೊಟ್ಟಿದ್ದಾರೆ. ನಮ್ಮ ತಿಂಗಳ ಬಿಲ್ಲಿನಲ್ಲಿ ಅದು ಸೇರಿರಲಿಲ್ಲ.

ಸಣ್ಣಾಕೆಗೆ ಓದು ಒಲಿಯಲಿಲ್ಲ. ಪಿ.ಯು.ಸಿ. ಆದ ಮೇಲೆ ನಾನು ನಿನ್ನ ವ್ಯಾಪಾರಕ್ಕೇ ಬರುತ್ತೇನೆ ಎಂದಾಗ ಅಕ್ಕಾರು ಎರಡು ದಿನ ಮಾತು ಬಿಟ್ಟಿದ್ದರಂತೆ. ಮೂರನೆಯ ದಿನ ನಸುಕಿನಲ್ಲಿ ಎಬ್ಬಿಸಿದರು. ಹಂಚಿನ ಮುಂದೆ ಕೂಡಿಸಲಿಲ್ಲ, ಹುಬ್ಬಳ್ಳಿ ಅಮರಗೋಳದ ಎ.ಪಿ.ಎಂ.ಸಿ.ಗೆ ಕರೆದೊಯ್ದರು. “ಮೊದಲ ಕೊಳ್ಳಾಕ ಕಲಿ, ಆಮ್ಯಾಲೆ ಮಾರಾಕ ಕಲಿ, ಬಡಿಯೋದು ಕಡೀಗೆ” ಎಂದರು.

1984ರಲ್ಲಿ ನಾನು ಡಿಗ್ರಿ ಮುಗಿಸಿ ಹೊರಟಾಗ ಎರಡು ತಿಂಗಳ ಬಾಕಿ ಉಳಿದಿತ್ತು. ಆ ವರ್ಷ ಅಪ್ಪನ ಹೊಲ ಬೆಳೆದಿರಲಿಲ್ಲ. ತಲೆ ತಗ್ಗಿಸಿ ಹೇಳಿದೆ. ಅಕ್ಕಾರು ಬಿಟ್ಟುಬಿಡು ಎನ್ನಲಿಲ್ಲ. ಪುಸ್ತಕ ತೆಗೆದು ನನ್ನ ಎದುರಿಗೇ ಸೊನ್ನೆ ಎಣಿಸಿ, ಮೊತ್ತ ಬರೆದು, “ನೌಕರಿ ಹತ್ತಿದ ಮ್ಯಾಲೆ ಕೊಡು” ಎಂದರು. ಆ ಹೊತ್ತಿಗೆ ನನಗೆ ಕೊಂಚ ನೋವಾಯಿತು. ಆಮೇಲೆ ತಿಳಿಯಿತು, ನನಗೆ ನೌಕರಿ ಸಿಗುತ್ತದೆ ಎಂದು ಅನುಮಾನವಿಲ್ಲದೆ ನಂಬಿದ್ದವರು ಆ ವರ್ಷ ಅವರೊಬ್ಬರೇ. ನಂಬಿದ್ದಕ್ಕೇ ಬರೆದುಕೊಂಡರು. ಎರಡು ವರ್ಷದ ಮೇಲೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕು, ಮೊದಲ ಪಗಾರ ತೆಗೆದುಕೊಂಡು ಧಾರವಾಡಕ್ಕೆ ಹೋಗಿ ದುಂಡಗೆ ಐದುನೂರು ರೂಪಾಯಿ ಕೈಗಿಟ್ಟೆ. ಪುಸ್ತಕ ಹುಡುಕಿ ತೆಗೆದು, ಎಣಿಸಿ, ಬಾಕಿಯಷ್ಟು ಇಟ್ಟುಕೊಂಡು ಉಳಿದದ್ದನ್ನು ತಿರುಗಿ ಕೊಟ್ಟರು. “ಇದು ನಿನ್ನ ರೊಕ್ಕ. ನಿಮ್ಮಪ್ಪಗ ಧೋತರ ತಗೊಂಡ ಹೋಗು.” ಅಂದಿನ ಊಟಕ್ಕೆ ಮಾತ್ರ ಸೊನ್ನೆ ಹಾಕಲಿಲ್ಲ.

ಬೆಂಗಳೂರಿಗೆ ಅವರ ರೊಟ್ಟಿ ಬರತೊಡಗಿದ್ದು ತೊಂಬತ್ತರ ದಶಕದ ಕೊನೆಗೆ. ವಿಜಯನಗರದ ಒಂದು ಅಂಗಡಿಯವರೊಡನೆ ನಾನು ಮಾತಾಡಿದ್ದೆ. ರಾತ್ರಿ ಬಸ್ಸಿಗೆ ಧಾರವಾಡದಲ್ಲಿ ಹಾಕಿದ ರಟ್ಟಿನ ಪೆಟ್ಟಿಗೆ ಬೆಳಗಾಗುವಾಗ ಮೆಜೆಸ್ಟಿಕ್ ತಲುಪುತ್ತಿತ್ತು. ಮೊದಲ ಸಲ ಪೆಟ್ಟಿಗೆ ಇಳಿಸಿಕೊಳ್ಳಲು ನಾನೇ ಹೋದೆ. ಬಿಚ್ಚಿ ನೋಡಿದರೆ ಒಳಗೆ ಬಿಳಿ ಅರಿವೆಯ ಗಂಟು, ಥೇಟ್ ಬುತ್ತಿಯ ಗಂಟು. ಬಸ್‌ಸ್ಟ್ಯಾಂಡಿನಲ್ಲಿ ಬುತ್ತಿಗೆ ಕಾಯುವ ಪಾಳಿ ನನಗೆ ನಲವತ್ತರ ಹತ್ತಿರ ಬಂತು. ನಾನು ಅಲ್ಲೇ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ.

ಆಧಾರ್ ಮಾಡಿಸಲು ಹೋದಾಗ ಅವರ ಬೆರಳಚ್ಚು ಯಂತ್ರಕ್ಕೆ ಹತ್ತಲಿಲ್ಲ. ಒರೆಸಿ ಒರೆಸಿ ಒತ್ತಿದರು, ಎಣ್ಣೆ ಸವರಿ ಒತ್ತಿದರು. ನಲವತ್ತು ವರ್ಷದ ಎಸರು, ಕಾದ ಹಂಚು ಸೇರಿ ಬೆರಳ ತುದಿಯ ಗೆರೆಗಳನ್ನು ಅಳಿಸಿಹಾಕಿದ್ದವು. ಕೊನೆಗೆ ಕಣ್ಣಿನ ಗುರುತಿನ ಮೇಲೆ ಆಯಿತು. ಅದನ್ನು ಹೇಳುವಾಗ ಅವರು ಎರಡೂ ಕೈ ನನ್ನ ಮುಂದೆ ಚಾಚಿದರು. ಮುಟ್ಟಿ ನೋಡಿದೆ. ತುದಿಗಳು ನದಿಯ ಕಲ್ಲಿನ ಹಾಗೆ ನುಣ್ಣಗಿದ್ದವು.

2020ರ ಮಾರ್ಚ್‌ನಲ್ಲಿ ಎಲ್ಲ ಬಂದಾಗಿ ಹುಡುಗರು ಊರು ಸೇರಿದಾಗ ಅಕ್ಕಾರಿಗೆ ಎಪ್ಪತ್ತರ ಮೇಲಾಗಿತ್ತು. ಸಣ್ಣಾಕೆ ಗಾಬರಿಯಾಗಿದ್ದಳು. ಅಕ್ಕಾರು 1982ರಲ್ಲೇ ಅಂಥದ್ದನ್ನು ಕಂಡವರು. “ಖಡಕ್ ಮಾಡು, ಕೆಡೂದಿಲ್ಲ” ಎಂದರಷ್ಟೆ. ಇಡೀ ಜಗತ್ತು 2023ನ್ನು ಸಿರಿಧಾನ್ಯದ ವರ್ಷ ಎಂದು ಆಚರಿಸಿದಾಗ ರೊಟ್ಟಿಗೆ ಬೇಡಿಕೆ ಎಷ್ಟು ಏರಿತೆಂದರೆ ಮನೆಯ ಹಿಂದೆ ಶೆಡ್ ಹಾಕಿಸಬೇಕಾಯಿತು. ಈಗ ಅಲ್ಲಿ ಹನ್ನೊಂದು ಹೆಂಗಸರು ಕೆಲಸ ಮಾಡುತ್ತಾರೆ. ಅವರಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದವರಿಗೆ ಎಂಟರಿಂದ ಒಂಬತ್ತೂವರೆ ತನಕ ಬಿಡುವು. ಹೋಗಿ ಮಕ್ಕಳ ತಲೆ ಬಾಚಿ, ತುತ್ತು ತಿನ್ನಿಸಿ, ಶಾಲೆಗೆ ಕಳಿಸಿ ಬರಬೇಕು. ಪಗಾರ ಕಡಿತವಿಲ್ಲ. ಈ ನಿಯಮ ಮಾಡಿದ್ದು ಅಕ್ಕಾರು. ದೊಡ್ಡಾಕೆಯ ಮಾತು ಅವರ ಕಿವಿಗೆ ಎಂದೋ ಬಿದ್ದಿತ್ತೆಂದು ನಾನು ತಿಳಿದಿದ್ದೇನೆ.

ಕಳೆದ ವರ್ಷ ಹಿಂಗಾರಿ ಜೋಳ ಕಟಾವಿಗೆ ಬಂದ ಹೊತ್ತಿನಲ್ಲಿ ಅಕ್ಕಾರು ತೀರಿಕೊಂಡರು. ಎರಡೇ ದಿನ ಮಲಗಿದ್ದರು. ಹನ್ನೊಂದನೆಯ ದಿನ ಆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿವೃತ್ತ ಅಧಿಕಾರಿಗಳು, ವಕೀಲರು, ಮಾಸ್ತರರು, ಪಿ.ಎಸ್.ಐ., ಎಲ್ಲ ಒಂದು ಕಾಲದ ಊರ ಹೆಸರಿನವರು. ಎದ್ದು ಮಾತಾಡಿದವರೆಲ್ಲ ಅವರನ್ನು ಅನ್ನಪೂರ್ಣೇಶ್ವರಿ ಎಂದರು. ಪ್ರೀತಿಯಿಂದಲೇ ಅಂದದ್ದು, ನನಗೆ ಗೊತ್ತು. ಆದರೆ ಒಪ್ಪಿಕೊಳ್ಳಲಾಗಲಿಲ್ಲ. ದೇವಿಯ ಕೈಯ ಪಾತ್ರೆ ಬರಿದಾಗುವುದಿಲ್ಲ. ಅಕ್ಕಾರ ಡಬ್ಬಿ ದಿನಾ ಬರಿದಾಗುತ್ತಿತ್ತು. ಅದನ್ನು ತುಂಬಿಸಲು ಕಾಳು ಕಡಿದು ನೋಡಬೇಕಿತ್ತು, ಅಡತಿ ಅಂಗಡಿಯಲ್ಲಿ ಅರ್ಧ ತಾಸು ಮಾತಿಲ್ಲದೆ ಕೂರಬೇಕಿತ್ತು, ಬ್ಯಾಂಕಿಗೆ ಮೂರು ಸಲ ಹೋಗಬೇಕಿತ್ತು. ದೇವಿ ಎಂದು ಕೈಮುಗಿದುಬಿಟ್ಟರೆ ಆ ಬುದ್ಧಿವಂತಿಕೆ, ಆ ದುಡಿಮೆ ಯಾರ ಲೆಕ್ಕಕ್ಕೆ? ನನ್ನ ಪಾಳಿ ಬಂದಾಗ ಎದ್ದು ನಿಂತು, ಇವರು ಧಾರವಾಡದ ದೊಡ್ಡ ವ್ಯಾಪಾರಸ್ಥರು ಎಂದೆ. ಮುಂದೆ ಮಾತು ಬರಲಿಲ್ಲ. ಮೂಲೆಯಲ್ಲಿ ಕೂತಿದ್ದ ಆ ಹನ್ನೊಂದು ಹೆಂಗಸರಲ್ಲಿ ಒಬ್ಬಾಕೆ ತಲೆ ಆಡಿಸಿದಳು.

ಅಟ್ಟದ ಮೇಲೆ ಟ್ರಂಕಿನಲ್ಲಿ ಐವತ್ತಕ್ಕೂ ಹೆಚ್ಚು ಪುಸ್ತಕಗಳು ಸಿಕ್ಕಿವೆ. ದೊಡ್ಡಾಕೆ ರಜೆಯಲ್ಲಿ ಕೂತು ಒಂದೊಂದನ್ನೇ ನೋಡುತ್ತಿದ್ದಾಳೆ. ಬಾಕಿ ತೀರಿದ ಸಾಲುಗಳ ಮೇಲೆ ಅಕ್ಕಾರು ಅಡ್ಡಗೆರೆ ಎಳೆದಿದ್ದಾರೆ. ಗೆರೆ ಬೀಳದ ಸಾಲುಗಳೂ ಇವೆ. ನರಗುಂದ ಗುಂಗುರುಗೂದಲಿನಾಂವ, ಹಾನಗಲ್ಲ ಇಬ್ಬರು ಅಣ್ಣತಮ್ಮರು, ರೋಣದ ಹಾಡುವಾಂವ. ಮಕ್ಕಳು ಯಾರನ್ನೂ ಕೇಳುವುದಿಲ್ಲ. ಕೇಳಲು ಹೆಸರೂ ಇಲ್ಲ.

ಧಾರವಾಡದಲ್ಲಿ ಓದಿ ದೊಡ್ಡವರಾದವರೇ, ಇದನ್ನು ಓದುವಾಗ ನಿಮ್ಮ ಊರಿನ ಹೆಸರು ನೆನಪಾದರೆ, ಹೋಗಿ ಕೊಟ್ಟು ಬನ್ನಿ. ಹೆಚ್ಚು ಕೊಡಬೇಡಿ. ಎಷ್ಟಿದೆಯೋ ಅಷ್ಟು ಕೊಟ್ಟು, ಎದುರಿಗೆ ನಿಂತು ಗೆರೆ ಹೊಡೆಸಿಕೊಳ್ಳಿ.